ಹಾಸನ ಸೀಮೆಯ ಬೇಸಾಯಕ್ಕೆ ದೊರೆತನದ ನೆರವು: ಕೊಟ್ಟುದೇನು, ಪಡೆದವರಾರು?

೧

ದೊರೆತನವು ಒಕ್ಕಲಿನಿಂದ ಏನೇನನ್ನು ತೆಗೆದುಕೊಂಡಿತೆಂಬುದನ್ನು ನಮ್ಮ ಚರಿತ್ರಕಾರರು ವಿಸ್ತಾರವಾಗಿ ಬರೆದಿರುವರು. ಕಂದಾಯ, ಸುಂಕ, ಕಾಣಿಕೆ, ಬಿಟ್ಟಿ ಎಂಬ ಮಾತುಗಳು ನಮ್ಮ ಶಾಸನಗಳಲ್ಲಿಯೂ ಕಡತಗಳಲ್ಲಿಯೂ ಹೇರಳವಾಗಿವೆ. ಆದರೆ ತೆಗೆದುಕೊಂಡುದರಲ್ಲಿ ಒಂದು ಪಾಲನ್ನು ದೊರೆತನವು ಬೇಸಾಯಕ್ಕೆ ಹಿಂದಿರುಗಿಸಿದುದೂ ಉಂಟು. ಹಾಗೆ ಹಿಂದಿರುಗಿದುದು ಯಾರ ಮನೆಯನ್ನು ಸೇರಿತು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಎಷ್ಟು ಕೊಟ್ಟರೆಂಬುದನ್ನು ಲೆಕ್ಕದ ಪುಸ್ತಕದಿಂದ ತಿಳಿಯಬಹುದು. ಯಾರಿಗೆ ಕೊಟ್ಟರೆಂಬುದನ್ನು ತಿಳಿಯಬೇಕಾದರೆ ಸೀಮೆಯ ನೆಲ, ನೀರು, ದಾಖಲೆ ಈ ಮೂರನ್ನೂ ಒಟ್ಟಿಗೆ ನೋಡಬೇಕಾಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳನ್ನು ಆಧಾರವಾಗಿಟ್ಟುಕೊಂಡು ಈ ವಿಚಾರವನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಒಂದೇ ಬಗೆಯವಲ್ಲ. ಪಡುವಲಲ್ಲಿ ಮಲೆನಾಡಿನ ಅಂಚು, ಮೂಡಲಲ್ಲಿ ಬಯಲುಸೀಮೆ; ನಡುವೆ ಹೇಮಾವತಿ. ತೆಂಕಣಕ್ಕೆ ಅರಕಲಗೂಡಿನ ಎಲ್ಲೆಯಲ್ಲಿ ಕಾವೇರಿ. ಹಾಸನದ ಕೆಂಪುನೆಲದಲ್ಲಿ ಮುಂಗಾರಿನ ಆಲೂಗಡ್ಡೆ, ಅರಕಲಗೂಡಿನಲ್ಲಿ ಹೊಗೆಸೊಪ್ಪು, ಹೊಳೆನರಸೀಪುರದ ನಾಲೆಯ ಬಯಲಿನಲ್ಲಿ ಬತ್ತ, ಚನ್ನರಾಯಪಟ್ಟಣದಲ್ಲಿ ತೆಂಗು, ಎಲ್ಲೆಡೆಯಲ್ಲಿಯೂ ರಾಗಿ. ನೆರವಿನ ಸ್ವರೂಪವು ಬೆಳೆಯಿಂದ ಬೆಳೆಗೆ ಬೇರೆಯಾಗುವುದರಿಂದ, ಒಂದೇ ಸೀಮೆಯೊಳಗೆ ಪಡೆದವರೂ ಪಡೆಯದವರೂ ಅಕ್ಕಪಕ್ಕದಲ್ಲಿಯೇ ಕಾಣಸಿಗುತ್ತಾರೆ. ಆದುದರಿಂದ ನಮ್ಮ ವಿಚಾರಕ್ಕೆ ಇದಕ್ಕಿಂತ ತಕ್ಕ ಕ್ಷೇತ್ರವು ದೊರೆಯುವುದು ಕಷ್ಟ.

೨

ಮೊದಲು ಶಾಸನಗಳ ಕಾಲ. ಬಿ. ಎಲ್. ರೈಸರು ೧೯೦೨ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವು ಹಾಸನ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಅದನ್ನು ತೆರೆದವರಿಗೆ ಮೊದಲು ಕಾಣುವುದು ದಾನಗಳ ಸಾಲು. ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು, ಕ್ರಿ. ಶ. ೪೫೦ರ ಸುಮಾರಿನದೆಂದು ಬಹುಕಾಲದಿಂದ ಎಣಿಸಲ್ಪಟ್ಟುದು, ವಿಜಅರಸನೆಂಬ ವೀರನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಬಾಳ್ಗಳ್ಚಾಗಿ ಬಿಟ್ಟುದನ್ನು ಹೇಳುತ್ತದೆ. ಕ್ರಿ. ಶ. ೧೧೫೯ರಲ್ಲಿ ಹೊಯ್ಸಳ ಒಂದನೆಯ ನರಸಿಂಹನು ತನ್ನ ಭಂಡಾರಿ ಹುಳ್ಳನು ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಸವಣೇರೆಂಬ ಗ್ರಾಮವನ್ನು ದತ್ತಿಯಾಗಿ ಕೊಟ್ಟನು. ಇಂತಹ ದತ್ತಿಗಳಲ್ಲಿ ದೊರೆಯು ತನ್ನ ಬೊಕ್ಕಸದಿಂದ ಹಣವನ್ನು ಎಣಿಸಿ ಕೊಡುತ್ತಿರಲಿಲ್ಲ. ತಾನು ಪಡೆಯುತ್ತಿದ್ದ ತೆರಿಗೆಯನ್ನು ಪಡೆಯುವ ಹಕ್ಕನ್ನು ಮತ್ತೊಬ್ಬರಿಗೆ ಬಿಟ್ಟುಕೊಡುತ್ತಿದ್ದನು. ‘ಸರ್ವಬಾಧಾಪರಿಹಾರ’, ‘ಸರ್ವನಮಸ್ಯ’ ಎಂಬ ಪದಗಳ ತಾತ್ಪರ್ಯವು ಇದೇ.

ಇಲ್ಲಿ ವಿಚಾರಿಸತಕ್ಕ ಅಂಶವೊಂದುಂಟು. ಸವಣೇರನ್ನು ಉಳುತ್ತಿದ್ದ ಒಕ್ಕಲಿನ ತೆರಿಗೆಯು ನಿಂತುಹೋಗಲಿಲ್ಲ. ಅರಮನೆಗೆ ಹೋಗುತ್ತಿದ್ದುದು ಬಸದಿಗೆ ಹೋಯಿತು. ಶಾಸನದಲ್ಲಿ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ, ಎಲ್ಲೆಯ ಕಲ್ಲು, ಮರ, ಹಳ್ಳಗಳ ಹೆಸರುಗಳಿವೆ, ಉತ್ತವನ ಹೆಸರಿಲ್ಲ. ಅದು ಆ ಕಾಲದವರ ದೋಷವೆಂದು ನಾವು ಹೇಳುತ್ತಿಲ್ಲ. ದಾನದ ಉದ್ದೇಶವು ಧರ್ಮರಕ್ಷಣೆಯೋ ವೀರಪೂಜೆಯೋ ಆಗಿತ್ತೇ ಹೊರತು ಬೇಸಾಯಗಾರನ ಪೋಷಣೆಯಾಗಿರಲಿಲ್ಲ.

ಆದರೆ ಶಾಸನಗಳಲ್ಲಿಯೇ ಇನ್ನೊಂದು ಬಗೆಯ ಕೊಡುಗೆಯೂ ಕಾಣುತ್ತದೆ. ಅದು ಬಿತ್ತುವಟ್ಟ ಮತ್ತು ಕಟ್ಟುಕೊಡಗೆ. ಕೆರೆಯನ್ನು ಕಟ್ಟಿದವನಿಗೆ, ಒಡೆದ ಏರಿಯನ್ನು ತಿದ್ದಿಸಿದವನಿಗೆ, ತೂಬನ್ನು ಇಡಿಸಿದವನಿಗೆ ಆ ಕೆರೆಯ ಕೆಳಗಣ ಗದ್ದೆಯಲ್ಲಿ ಒಂದು ಭಾಗವನ್ನು ತೆರಿಗೆಯಿಲ್ಲದೆ ಬಿಡುವುದು ಕಟ್ಟುಕೊಡಗೆ. ಕೆರೆಯ ರಕ್ಷಣೆಗಾಗಿ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು ಬಿತ್ತುವಟ್ಟ. ಇಲ್ಲಿ ಕೊಡುಗೆಯು ಹೆಸರಿಗೆ ಬಂದುದಲ್ಲ, ಕೆಲಸಕ್ಕೆ ಬಂದುದು. ಪಡೆದವನು ಒಬ್ಬನಾದರೂ ನೀರು ಹರಿದುದು ಅಚ್ಚುಕಟ್ಟಿನ ಎಲ್ಲ ಗದ್ದೆಗಳಿಗೆ. ಕೆಲಸ ನಿಂತರೆ ಕೊಡುಗೆಗೆ ಅರ್ಥವಿರಲಿಲ್ಲ. ಹೆಸರಿಗೆ ಕೊಟ್ಟ ದಾನ, ಕೆಲಸಕ್ಕೆ ಕೊಟ್ಟ ಕೊಡುಗೆ ಎಂಬ ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ. ಮುಂದಿನ ಎಂಟು ನೂರು ವರ್ಷಗಳ ಕಥೆಯೆಲ್ಲ ಈ ಎರಡರ ನಡುವಣ ತೂಗಾಟವೇ ಆಗಿದೆ.

೩

ಪಾಳೆಯಗಾರರ ಕಾಲವು ಕಳೆದು ಈ ಸೀಮೆಯು ಮೈಸೂರಿಗೆ ಸೇರಿದ ಮೇಲೆ ನೆರವಿನ ಮಾತುಗಳು ಬದಲಾದುವು. ಜೋಡಿ, ಕಟ್ಟುಗುತ್ತಿಗೆ, ಶ್ರಾಯ, ಕೌಲು, ತಗಾವಿ ಎಂಬ ಪದಗಳು ಕಡತಗಳಲ್ಲಿ ಬಳಕೆಗೆ ಬಂದುವು. ಇನಾಮು ಭೂಮಿಯ ಮೇಲೆ ನಾಮಮಾತ್ರದ ತೆರಿಗೆಯು ಜೋಡಿ. ಭೂಮಿಗೆ ಎಂದೆಂದಿಗೂ ಏರದ ಹಗುರವಾದ ತೆರವು ಕಟ್ಟುಗುತ್ತಿಗೆ. ಬೀಳುಬಿದ್ದ ನೆಲವನ್ನು ಸಾಗುವಳಿಗೆ ತರುವವನಿಗೆ ಮೊದಲ ವರ್ಷಗಳಲ್ಲಿ ಕಡಿಮೆ, ವರ್ಷವರ್ಷಕ್ಕೆ ಸ್ವಲ್ಪ ಸ್ವಲ್ಪ ಏರಿ ಕಡೆಗೆ ಪೂರ್ತಿ ಕಂದಾಯಕ್ಕೆ ಬರುವ ಏರ್ಪಾಡು ಶ್ರಾಯ. ಎತ್ತು, ನೇಗಿಲು, ಬಿತ್ತನೆಗಾಗಿ ಸರ್ಕಾರದಿಂದ ಮುಂಗಡವಾಗಿ ಕೊಡುವ ಸಾಲವು ತಗಾವಿ. ಟಿಪ್ಪುಸುಲ್ತಾನನ ಕಾಲದ ಕಂದಾಯ ನಿಬಂಧನೆಗಳಲ್ಲಿ ಬಡ ರೈತರಿಗೆ ನೇಗಿಲಿಗಾಗಿ ತಗಾವಿಯನ್ನು ಕೊಡಬೇಕೆಂದು ಅಮಲ್ದಾರರಿಗೆ ವಿಧಿಸಿದೆ. ಬಡವನೆಂಬ ಮಾತು ನಿಬಂಧನೆಯಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡುದು ಗಮನಾರ್ಹವಾದುದು.

ಆದರೆ ನಿಬಂಧನೆಗೂ ಹಳ್ಳಿಗೂ ನಡುವೆ ಅಮಲ್ದಾರನೂ ಪಟೇಲನೂ ಶಾನುಭೋಗನೂ ಇದ್ದರು. ಯಾವನು ಬಡವ, ಯಾವನಿಗೆ ನೇಗಿಲು ಬೇಕು, ಯಾವನು ಸಾಲವನ್ನು ತೀರಿಸಬಲ್ಲನು ಎಂಬುದನ್ನು ಹೇಳಬೇಕಾದವರು ಇವರೇ. ಮೂರನೆಯ ಕೃಷ್ಣರಾಜ ಒಡೆಯರ ಕಾಲದಲ್ಲಿ ಶರತ್ತಿನ ಪದ್ಧತಿಯು ಬಂದಿತು. ಇಂತಿಷ್ಟು ಹಣವನ್ನು ಸರ್ಕಾರಕ್ಕೆ ಒಪ್ಪಿಸುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟ ಅಮಲ್ದಾರನಿಗೆ ವಸೂಲಿಯ ಚಿಂತೆಯೇ ಹೊರತು ನೆರವಿನ ಚಿಂತೆಯಿರುವುದು ಹೇಗೆ? ೧೮೩೦-೩೧ರ ನಗರದ ದಂಗೆಗೆ ಈ ಪದ್ಧತಿಯ ಹಿಂಸೆಯೂ ಒಂದು ಕಾರಣವಾಯಿತೆಂಬುದು ಪ್ರಸಿದ್ಧವಾದ ವಿಷಯ. ೧೮೩೧ರಲ್ಲಿ ಆಡಳಿತವು ಕಮಿಷನರ ಕೈಗೆ ಹೋಯಿತು.

ಹಳ್ಳಿಯ ಮಟ್ಟದಲ್ಲಿ ಮಾತ್ರ ಕೆಲಸಕ್ಕೆ ಕೊಡುಗೆಯೆಂಬ ಹಳೆಯ ಪದ್ಧತಿಯು ಉಳಿದುಕೊಂಡಿತ್ತು. ಆಯಗಾರರಿಗೆ ಕಣದಲ್ಲಿ ಆಯ. ತೋಟಿ, ತಳವಾರ, ನೀರುಗಂಟಿಗಳಿಗೆ ಸೇವೆಯ ಇನಾಮು. ನೀರುಗಂಟಿಯು ಕೆರೆಯ ತೂಬನ್ನು ಎತ್ತಿ ಇಳಿಸಿ ಮೇಲಣ ಗದ್ದೆಗೂ ಕೆಳಗಣ ಗದ್ದೆಗೂ ನೀರನ್ನು ಹಂಚುತ್ತಿದ್ದನು. ಅವನ ಪಾಲು ಕಿರಿದಾದುದೇ ಆಗಿರಬಹುದು. ಆದರೆ ಭೂಮಿಯ ಖಾತೆಯಿಲ್ಲದವನೊಬ್ಬನಿಗೆ ಬೇಸಾಯದ ವ್ಯವಸ್ಥೆಯಲ್ಲಿ ಹಕ್ಕಾಗಿ ಬರುತ್ತಿದ್ದ ಪಾಲು ಅದು. ಜಾತಿಯ ಕಟ್ಟು ಆ ಪಾಲಿನ ಜೊತೆಗೆ ಬಿಡದೆ ಅಂಟಿಕೊಂಡಿತ್ತೆಂಬುದನ್ನೂ ಮರೆಯುವಂತಿಲ್ಲ. ತೋಟಿಯ ಇನಾಮು ಅವನನ್ನು ಹುಟ್ಟಿದ ಕೇರಿಗೇ ಬಿಗಿಯುವ ಹಗ್ಗವೂ ಆಗಿತ್ತು.

೪

೧೮೬೩ರಲ್ಲಿ ಮೈಸೂರು ಸೀಮೆಯಲ್ಲಿ ರೆವಿನ್ಯೂ ಸರ್ವೆಯು ಆರಂಭವಾಯಿತು. ೧೮೬೬ರಲ್ಲಿ ಇನಾಮ್ ಕಮಿಷನ್ ಸ್ಥಾಪಿತವಾಗಿ ಇನಾಮುದಾರರ ಸನದುಗಳನ್ನು ಪರಿಶೀಲಿಸಿತು. ಈ ಎರಡು ಕಾರ್ಯಗಳಿಂದ ಆದ ಪರಿಣಾಮವು ಬಹು ದೊಡ್ಡದು. ಅದುವರೆಗೆ ಊರಿನವರ ಬಾಯಿಯಲ್ಲಿಯೂ ಶಾನುಭೋಗನ ಕಡತದಲ್ಲಿಯೂ ಇದ್ದ ನೆಲವು ಸರ್ವೆ ನಂಬರಾಯಿತು. ಪ್ರತಿಯೊಂದು ನಂಬರಿಗೂ ಒಂದು ಕಂದಾಯ, ಒಬ್ಬ ಖಾತೆದಾರ. ೧೮೮೮ರ ಲ್ಯಾಂಡ್ ರೆವಿನ್ಯೂ ಕೋಡು ಈ ಏರ್ಪಾಡನ್ನು ಕಾನೂನಿನಿಂದ ಭದ್ರಪಡಿಸಿತು. ಖಾತೆದಾರನೆಂದರೆ ಕಂದಾಯಕ್ಕೆ ಹೊಣೆಯಾದವನು. ಸರ್ಕಾರವು ತೆಗೆದುಕೊಳ್ಳುವುದಕ್ಕಾಗಿ ಬರೆದುಕೊಂಡ ಈ ಹೆಸರೇ ಮುಂದೆ ಕೊಡುವುದಕ್ಕೂ ಗುರುತಾಯಿತು. ವಸೂಲಿಯ ಪಟ್ಟಿಯು ನೆರವಿನ ಪಟ್ಟಿಯಾದುದೇ ನಮ್ಮ ವಿಷಯದ ತಿರುಳು.

ಇದರ ಫಲವು ೧೮೭೬-೭೮ರ ಮಹಾಕ್ಷಾಮದಲ್ಲಿ ಎದ್ದು ಕಂಡಿತು. ೧೮೭೧ರಲ್ಲಿ ಐವತ್ತು ಲಕ್ಷಕ್ಕೆ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗೆ ಇಳಿದಿತ್ತು. ಕಂದಾಯದ ರಿಯಾಯಿತಿಯೆಂಬುದು ಕಂದಾಯ ಕೊಡುವವನಿಗೆ ಮಾತ್ರ ಸಲ್ಲುವ ನೆರವು. ಕೂಲಿಯವನಿಗೆ, ನೇಯ್ಗೆಯವನಿಗೆ, ವಾರಕ್ಕೆ ಉಳುವವನಿಗೆ ಬಿಡಬೇಕಾದ ಕಂದಾಯವೇ ಇರಲಿಲ್ಲ. ಅವನ ಪಾಲಿಗೆ ಬಂದುದು ಗಂಜಿಯ ಕೇಂದ್ರ ಮತ್ತು ಕಾಮಗಾರಿಯ ಕೂಲಿ. ಬದುಕಿಸುವುದಕ್ಕೆ ಒಂದು ದಾರಿ, ಬೇಸಾಯವನ್ನು ಉಳಿಸುವುದಕ್ಕೆ ಇನ್ನೊಂದು ದಾರಿ ಎಂದು ಸರ್ಕಾರದ ನೆರವು ಆಗಲೇ ಎರಡಾಗಿ ಸೀಳಿಹೋಯಿತು. ಇಂದಿಗೂ ಆ ಸೀಳು ಕೂಡಿಲ್ಲ.

೧೮೮೧ರಲ್ಲಿ ಆಡಳಿತವು ಒಡೆಯರಿಗೆ ಮರಳಿದ ತರುವಾಯ ಒಂದರ ಹಿಂದೊಂದು ಹೊಸ ಯತ್ನಗಳು ನಡೆದುವು. ಬಾವಿ ತೋಡುವುದಕ್ಕೆ, ನೆಲವನ್ನು ತಿದ್ದುವುದಕ್ಕೆ ಸಾಲಕೊಡಲು ೧೮೯೦ರಲ್ಲಿ ಭೂಸುಧಾರಣೆಯ ಸಾಲಗಳ ರೆಗ್ಯುಲೇಷನ್ ಬಂದಿತು. ದಿವಾನ್ ಶೇಷಾದ್ರಿ ಅಯ್ಯರವರು ೧೮೯೪ರಲ್ಲಿ ವ್ಯವಸಾಯದ ಬ್ಯಾಂಕುಗಳನ್ನು ತೆರೆಯಿಸಿದರು. ಅವು ಹೆಚ್ಚು ಕಾಲ ನಿಲ್ಲಲಿಲ್ಲ. ೧೯೦೫ರಲ್ಲಿ ಸಹಕಾರ ಸಂಘಗಳ ರೆಗ್ಯುಲೇಷನ್, ೧೯೧೩ರಲ್ಲಿ ವ್ಯವಸಾಯದ ಇಲಾಖೆ, ೧೯೨೯ರಲ್ಲಿ ಭೂ ಅಡಮಾನದ ಬ್ಯಾಂಕು ಏರ್ಪಟ್ಟುವು. ಇವೆಲ್ಲ ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಬೇಕೆಂಬ ಸದುದ್ದೇಶದಿಂದ ಹುಟ್ಟಿದುವು. ಇವುಗಳಿಂದ ಉಪಕಾರವಾಗಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಆದರೆ ಸಾಲಕ್ಕೆ ಆಧಾರ ಬೇಕು, ಆಧಾರವೆಂದರೆ ಭೂಮಿ, ಭೂಮಿಯೆಂದರೆ ಖಾತೆ. ಅಡಮಾನದ ಬ್ಯಾಂಕಿನ ಹೆಸರೇ ಇದನ್ನು ಸಾರಿ ಹೇಳುತ್ತದೆ. ಹತ್ತು ಎಕರೆಯವನಿಗೆ ಬಾವಿಯ ಸಾಲವು ಸುಲಭ, ಎರಡು ಎಕರೆಯವನಿಗೆ ಕಷ್ಟ, ವಾರದವನಿಗೆ ಅಸಾಧ್ಯ. ಬಾವಿಯು ತೋಡಿದ ಮೇಲೆ ಹತ್ತು ಎಕರೆಯವನ ನೆಲದ ಬೆಲೆಯು ಏರಿ ಮುಂದಿನ ಸಾಲವು ಇನ್ನೂ ಸುಲಭವಾಗುತ್ತದೆ. ಹೀಗೆ ನೆರವು ನೆರವನ್ನು ಹೆರುವುದು. ಅದರಂತೆಯೇ ಕೊರತೆಯು ಕೊರತೆಯನ್ನು ಹೆರುವುದು.

೫

ಸ್ವಾತಂತ್ರ್ಯವು ಬಂದ ಮೇಲೆ ಪಟ್ಟಿಯನ್ನೇ ತಿದ್ದುವ ಯತ್ನವು ನಡೆಯಿತು. ೧೯೫೪ರಲ್ಲಿ ಮೈಸೂರಿನ ವೈಯಕ್ತಿಕ ಇನಾಮುಗಳನ್ನೂ, ೧೯೫೫ರಲ್ಲಿ ಧಾರ್ಮಿಕ ಇನಾಮುಗಳನ್ನೂ ರದ್ದುಪಡಿಸುವ ಕಾನೂನುಗಳಾದುವು. ೧೯೬೧ರ ಕಾನೂನಿನಿಂದ ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು ಹೋದುವು. ಆ ಕಾನೂನು ೧೯೬೩ರಲ್ಲಿ ಜಾರಿಗೆ ಬಂದಿತು. ಭೂಸುಧಾರಣೆಯ ಕಾನೂನು ೧೯೬೧ರದು. ಅದಕ್ಕೆ ಜೀವ ಬಂದುದು ದೇವರಾಜ ಅರಸರ ಆಡಳಿತದಲ್ಲಿ, ೧೯೭೪ರ ಮಾರ್ಚಿಯಿಂದ ಜಾರಿಗೆ ಬಂದ ತಿದ್ದುಪಡಿಯಿಂದ. ಗೇಣಿದಾರರ ಕೈಯಲ್ಲಿದ್ದ ಭೂಮಿಯು ಸರ್ಕಾರದ ವಶವಾಯಿತು. ಗೇಣಿದಾರನು ಏಳನೆಯ ನಮೂನೆಯ ಅರ್ಜಿಯನ್ನು ಕೊಟ್ಟು ತಾಲ್ಲೂಕಿನ ಭೂ ನ್ಯಾಯಮಂಡಲಿಯ ಮುಂದೆ ನಿಂತು ತಾನೇ ಒಡೆಯನಾಗಬಹುದಾಯಿತು. ೧೯೭೬ರ ಋಣ ಪರಿಹಾರ ಕಾನೂನು ಖಾತೆಯನ್ನು ಕೇಳದೆ ಬಡವನ ಸಾಲವನ್ನು ನೋಡಿತು. ಕರಾವಳಿಯಷ್ಟು ಗೇಣಿಯ ಬೇಸಾಯವು ಹಾಸನದ ಸೀಮೆಯಲ್ಲಿ ಇರಲಿಲ್ಲವಾದರೂ, ಇನಾಮು ಗ್ರಾಮಗಳಲ್ಲಿಯೂ ದೊಡ್ಡ ಹಿಡುವಳಿಗಳಲ್ಲಿಯೂ ಉಳುತ್ತಿದ್ದ ಎಷ್ಟೋ ಮನೆಗಳಿಗೆ ಆ ಅರ್ಜಿಯಿಂದ ಮೊದಲ ಸಲ ಹೆಸರು ಬಂದಿತು.

ಆದರೆ ಆ ಕಾನೂನಿನಲ್ಲಿಯೇ ಮುಂದಿನ ಕಷ್ಟದ ಬೀಜವೂ ಇತ್ತು. ಇನ್ನು ಮುಂದೆ ಯಾರೂ ಭೂಮಿಯನ್ನು ಗೇಣಿಗೆ ಕೊಡಕೂಡದೆಂದು ಅದು ನಿಷೇಧಿಸಿತು. ಸೈನಿಕರೇ ಮೊದಲಾದ ಕೆಲವರಿಗೆ ಮಾತ್ರ ವಿನಾಯಿತಿ. ಏಳನೆಯ ನಮೂನೆಯ ಅರ್ಜಿಗೆ ಕಡೆಯ ಗಡುವು ೧೯೭೯ರ ಜೂನ್ ೩೦. ಅಂದಿನಿಂದ ಕಾನೂನಿನ ದೃಷ್ಟಿಯಲ್ಲಿ ಈ ನಾಡಿನಲ್ಲಿ ಗೇಣಿದಾರನೇ ಇಲ್ಲ. ಹೊಲದಲ್ಲಿ ಮಾತ್ರ ಅವನು ಇದ್ದಾನೆ. ಒಡೆಯನು ಪಟ್ಟಣಕ್ಕೆ ಹೋದ ಮೇಲೆ ಅವನ ಹೊಲವನ್ನು ನೆರೆಯವನು ವಾರಕ್ಕೋ ಗುತ್ತಿಗೆಗೋ ಮಾಡುತ್ತಾನೆ. ಬಾಯಿಮಾತೇ ಕರಾರು, ಏಕೆಂದರೆ ಕಾಗದವೆಂದೊಡನೆ ಒಡೆಯನಿಗೆ ಭೂಮಿಯು ಹೋದೀತೆಂಬ ಭಯ. ಉಳುವವನೇ ನೆಲದೊಡೆಯನಾಗಬೇಕೆಂದು ಹುಟ್ಟಿದ ಕಾನೂನು, ಆಮೇಲೆ ಉಳಲು ಬಂದವನನ್ನು ದಾಖಲೆಯಿಂದ ಹೊರಗಿಟ್ಟುದು ಚರಿತ್ರೆಯ ಒಂದು ವಿಪರ್ಯಾಸ.

೬

ಭೂಮಿಯ ಕಾನೂನು ಒಂದು ಕಡೆ ನಡೆಯುತ್ತಿರುವಾಗಲೇ ನೀರಿನ ಕೊಡುಗೆಯು ಇನ್ನೊಂದು ಕಡೆ ಈ ಸೀಮೆಯ ರೂಪವನ್ನು ಬದಲಾಯಿಸಿತು. ಹೇಮಾವತಿಗೆ ಹೊಳೆನರಸೀಪುರದ ಸೀಮೆಯಲ್ಲಿ ಶ್ರೀರಾಮದೇವರ ಕಟ್ಟೆ, ಅರಕಲಗೂಡಿನ ಸೀಮೆಯಲ್ಲಿ ಕಾವೇರಿಗೆ ಕೃಷ್ಣರಾಜಕಟ್ಟೆ ಹಿಂದಿನಿಂದಲೇ ಇದ್ದುವು. ಹಾಸನ ತಾಲ್ಲೂಕಿನ ಗೊರೂರಿನ ಬಳಿಯ ಅಣೆಕಟ್ಟು ೧೯೭೯ರಲ್ಲಿ ಮುಗಿಯಿತು. ಸುಮಾರು ೩೭ ಟಿ.ಎಂ.ಸಿ. ಅಡಿ ನೀರನ್ನು ಹಿಡಿಯುವ ಈ ಜಲಾಶಯದಿಂದ ಎಡದಂಡೆಯ ನಾಲೆಯು ಚನ್ನರಾಯಪಟ್ಟಣದ ಕಡೆಗೆ ಹರಿದು ತುಮಕೂರು ಸೀಮೆಯನ್ನು ಮುಟ್ಟುತ್ತದೆ; ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರಗಳ ಬಯಲಿಗೆ ನೀರುಣಿಸುತ್ತವೆ.

ಸರ್ಕಾರದ ನೆರವುಗಳಲ್ಲಿ ನಾಲೆಯಷ್ಟು ದೊಡ್ಡದು ಮತ್ತೊಂದಿಲ್ಲ. ಅದನ್ನು ಯಾರೂ ನೆರವೆಂದು ಕರೆಯುವುದಿಲ್ಲ. ಆದರೆ ನಾಲೆಯ ಕೆಳಗೆ ಬಿದ್ದ ಹೊಲವು ಒಂದೇ ವರ್ಷದಲ್ಲಿ ಗದ್ದೆಯಾಗುತ್ತದೆ, ನಾಲೆಯ ಮೇಲಣ ಹೊಲವು ಹೊಲವಾಗಿಯೇ ಉಳಿಯುತ್ತದೆ. ಇಬ್ಬರು ಅಣ್ಣತಮ್ಮಂದಿರ ಪಾಲಿನ ನಡುವೆ ನಾಲೆಯು ಹಾಯ್ದರೆ ಒಬ್ಬನು ಬತ್ತದವನು, ಇನ್ನೊಬ್ಬನು ರಾಗಿಯವನು. ಈ ಭಾಗ್ಯವನ್ನು ಹಂಚಿದುದು ನೆಲದ ಇಳಿಜಾರು. ಆ ಇಳಿಜಾರಿನ ತುದಿಯಲ್ಲಿರುವವನಿಗೆ ನೀರಿನ ಸರದಿಯು ಕಡೆಗೆ ಬರುವುದೂ ನಾಲೆಯ ಸೀಮೆಗಳಲ್ಲೆಲ್ಲ ಕಾಣುವ ಮಾತೇ.

ಕೊಡುಗೆಗೆ ಬೆಲೆಯನ್ನು ತೆತ್ತವರೂ ಇದ್ದರು. ಜಲಾಶಯದ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದುವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಮೇಲೆ ಕಾಣಿಸಿಕೊಳ್ಳುತ್ತದೆ. ಈಗ ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅದರ ಸುತ್ತ ಹೊಲಗದ್ದೆಗಳಿದ್ದುವೆಂಬುದನ್ನು ನೆನೆಯುವವರು ಕಡಮೆ. ಹೊಲವಿದ್ದವನಿಗೆ ಪರಿಹಾರವೆಂಬುದೊಂದಾದರೂ ಉಂಟು. ಆ ಹೊಲದ ಕೂಲಿಯನ್ನೇ ನಂಬಿದವನು ಕಳೆದುಕೊಂಡುದು ಯಾವ ಸರ್ವೆ ನಂಬರಿನಲ್ಲಿಯೂ ಬರೆದಿರಲಿಲ್ಲ.

೭

ಈಗ ನಮ್ಮ ಕಾಲದ ನೆರವುಗಳನ್ನು ನೋಡೋಣ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸುವ ‘ಭೂಮಿ’ ಯೋಜನೆಯು ಆರಂಭವಾಗಿ ಕೆಲವೇ ವರ್ಷಗಳಲ್ಲಿ ನಾಡಿಗೆಲ್ಲ ಹರಡಿತು. ಶಾನುಭೋಗನ ಕಡತದಲ್ಲಿದ್ದುದು ತಾಲ್ಲೂಕು ಕಚೇರಿಯ ಯಂತ್ರದಲ್ಲಿ ನೆಲಸಿತು. ಇದರಿಂದ ಪಹಣಿಗಾಗಿ ಕಾದು ಕೈಬೆಚ್ಚಗೆ ಮಾಡಬೇಕಾಗಿದ್ದ ಕಷ್ಟವು ಬಹಳಮಟ್ಟಿಗೆ ತಗ್ಗಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಂತ್ರಕ್ಕೆ ಏರಿದುದು ಇದ್ದ ಹೆಸರೇ. ೧೮೬೩ರ ಸರ್ವೆಯು ಕೇಳಿದ ಪ್ರಶ್ನೆಯನ್ನೇ ಯಂತ್ರವೂ ಕೇಳಿತು: ಖಾತೆ ಯಾರದು? ಯಾರು ಉಳುವರೆಂಬುದನ್ನು ಎರಡೂ ಒತ್ತಿ ಕೇಳಲಿಲ್ಲ.

೨೦೧೯ರ ಫೆಬ್ರವರಿಯಲ್ಲಿ ಕೇಂದ್ರಸರ್ಕಾರವು ಕಿಸಾನ್ ಸಮ್ಮಾನ್ ನಿಧಿಯನ್ನು ಆರಂಭಿಸಿ, ರೈತ ಕುಟುಂಬವೊಂದಕ್ಕೆ ವರ್ಷಕ್ಕೆ ೬,೦೦೦ ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಬ್ಯಾಂಕಿನ ಲೆಕ್ಕಕ್ಕೆ ನೇರವಾಗಿ ಕಟ್ಟುವ ಏರ್ಪಾಡನ್ನು ಮಾಡಿತು. ಮೊದಲು ಎರಡು ಹೆಕ್ಟೇರಿನ ಮಿತಿಯಿತ್ತು. ಅದೇ ವರ್ಷ ಅದನ್ನು ತೆಗೆದುಹಾಕಿ, ಆದಾಯ ತೆರಿಗೆ ಕೊಡುವವರೇ ಮೊದಲಾದವರನ್ನು ಬಿಟ್ಟು, ಭೂಮಿಯುಳ್ಳ ಎಲ್ಲರಿಗೂ ವಿಸ್ತರಿಸಿತು. ಕರ್ನಾಟಕ ಸರ್ಕಾರವು ತನ್ನ ಕಡೆಯಿಂದ ೪,೦೦೦ ರೂಪಾಯಿಗಳನ್ನು ಸೇರಿಸಿ ಕೊಡುತ್ತಿದ್ದುದು ೨೦೨೩ರಲ್ಲಿ ನಿಂತಿತು. ಎಕರೆಯ ಲೆಕ್ಕವಿಲ್ಲದೆ ಮನೆಗೆ ಇಷ್ಟೆಂದು ಕೊಡುವುದರಿಂದ ಇದು ಸಣ್ಣ ರೈತನಿಗೆ ಹೆಚ್ಚು ಅನುಕೂಲವಾದುದು. ನಡುವೆ ಕೈಹಾಕುವವರಿಲ್ಲದಿರುವುದು ಇದರ ಗುಣ. ಆದರೆ ಭೂಮಿಯು ತನ್ನ ಹೆಸರಿನಲ್ಲಿರಬೇಕು. ವಾರದವನಿಗೆ ಇಲ್ಲ, ಕೂಲಿಯವನಿಗೆ ಇಲ್ಲ.

ಸ್ವಂತ ನೆಲವಿದ್ದವನಿಗೂ ಇದರಿಂದ ತೊಡಕುಂಟು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಪಹಣಿಗಳು ಇಂದಿಗೂ ತೀರಿಹೋದ ಅಜ್ಜನ ಹೆಸರಿನಲ್ಲಿವೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿ ಬೇರೆ ಬೇರೆ ಉಳುತ್ತಿರುವರು, ಪೌತಿ ಖಾತೆಯಾಗಿಲ್ಲ. ಪಾಲುಪಟ್ಟಿಯನ್ನು ರಿಜಿಸ್ಟರು ಮಾಡಿಸಲು ಖರ್ಚು, ಅಕ್ಕತಂಗಿಯರ ರುಜು ಬೇಕೆಂಬ ಸಂಕೋಚ, ಊರ ಜಗಳ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕವು ೧೯೯೪ರಲ್ಲಿಯೂ, ಇಡೀ ದೇಶವು ೨೦೦೫ರಲ್ಲಿಯೂ ಕಾನೂನಿನಿಂದ ಕೊಟ್ಟಿತು. ಆದರೂ ೨೦೧೫-೧೬ರ ವ್ಯವಸಾಯ ಗಣತಿಯ ಪ್ರಕಾರ ಕರ್ನಾಟಕದ ಹಿಡುವಳಿಗಳಲ್ಲಿ ಸುಮಾರು ಐದರಲ್ಲಿ ಒಂದು ಮಾತ್ರ ಹೆಂಗಸರದು. ನಾಟಿ, ಕಳೆ, ಕಟಾವುಗಳಲ್ಲಿ ಬಾಗುವ ಬೆನ್ನುಗಳ ಲೆಕ್ಕವನ್ನು ಹಿಡಿದರೆ ಈ ಪ್ರಮಾಣವು ಎಷ್ಟು ವಿಪರೀತವೆಂಬುದು ತಿಳಿಯುತ್ತದೆ.

ಸಾಲದ ಮನ್ನಾ ಎಂಬುದು ಇನ್ನೊಂದು ನೆರವು. ೨೦೦೮ರಲ್ಲಿ ಕೇಂದ್ರಸರ್ಕಾರವು ಎರಡು ಹೆಕ್ಟೇರಿನೊಳಗಿನವರ ಬಾಕಿಯನ್ನು ಪೂರ್ತಿಯಾಗಿಯೂ, ಅದಕ್ಕೆ ಮೇಲ್ಪಟ್ಟವರಿಗೆ ಉಳಿದುದನ್ನು ಕಟ್ಟಿದರೆ ಕಾಲುಭಾಗವನ್ನೂ ಬಿಟ್ಟಿತು. ೨೦೧೭ರಲ್ಲಿ ಕರ್ನಾಟಕ ಸರ್ಕಾರವು ಸಹಕಾರ ಸಂಘಗಳ ಸಾಲದಲ್ಲಿ ೫೦,೦೦೦ ರೂಪಾಯಿವರೆಗೆ ಮನ್ನಾ ಮಾಡಿತು. ೨೦೧೮ರಲ್ಲಿ, ಹೊಳೆನರಸೀಪುರದ ಹರದನಹಳ್ಳಿಯ ಮನೆತನದ ಹೆಚ್. ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾಗಿದ್ದಾಗ, ಬ್ಯಾಂಕಿನ ಸುಸ್ತಿಸಾಲದಲ್ಲಿ ಎರಡು ಲಕ್ಷ ರೂಪಾಯಿವರೆಗೆ ಮನ್ನಾ ಘೋಷಿತವಾಯಿತು. ಸಹಕಾರ ಸಂಘಗಳ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯು ೨೦೨೩ರಲ್ಲಿ ಐದು ಲಕ್ಷಕ್ಕೆ ಏರಿತು. ಇವೆಲ್ಲ ದೊಡ್ಡ ಉಪಕಾರಗಳೇ ಸರಿ. ಆದರೆ ಸಾಲ ಮನ್ನಾ ಆಗಬೇಕಾದರೆ ಮೊದಲು ಬ್ಯಾಂಕಿನಲ್ಲಿ ಸಾಲ ಸಿಕ್ಕಿರಬೇಕು. ಕೈಸಾಲ ಮಾಡಿ ಬಿತ್ತಿದವನಿಗೆ ಈ ಮನ್ನಾಗಳು ಮುಟ್ಟಲಿಲ್ಲ. ಅವನ ಪಾಲಿಗೆ ೨೦೧೯ರಲ್ಲಿ ಜಾರಿಗೆ ಬಂದ ಹೊಸ ಋಣ ಪರಿಹಾರ ಕಾನೂನೊಂದು ಬಂದಿತು. ಅದು ಸಣ್ಣ ರೈತನನ್ನೂ ಭೂಮಿಯಿಲ್ಲದ ಕೂಲಿಯವನನ್ನೂ ಒಟ್ಟಿಗೆ ನೋಡಿದುದರಿಂದ ಇಲ್ಲಿ ಹೆಸರಿಸತಕ್ಕದ್ದು.

ವಿದ್ಯುತ್ತಿನದೂ ಹೀಗೆಯೇ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ೨೦೦೮ರಿಂದ ವಿದ್ಯುತ್ತು ಉಚಿತ. ಚನ್ನರಾಯಪಟ್ಟಣದ ತೆಂಗಿನ ತೋಟಗಳಿಗೆ ಇದು ಪ್ರಾಣ. ಆದರೆ ಕೊಳವೆಬಾವಿಯನ್ನು ಕೊರೆಯಿಸಲು ಶಕ್ತಿಯಿದ್ದವನಿಗೆ ತಾನೆ ಉಚಿತ ವಿದ್ಯುತ್ತು? ಎರಡು ಬಾವಿಯಿದ್ದವನಿಗೆ ಎರಡು ಪಾಲು, ಬಾವಿ ಬತ್ತಿದವನಿಗೆ ಸೊನ್ನೆ, ಮಳೆಯನ್ನೇ ನಂಬಿ ರಾಗಿ ಬಿತ್ತುವವನಿಗೆ ಏನೂ ಇಲ್ಲ. ನೆಲದ ಒಳಗಣ ನೀರು ಮಾತ್ರ ಎಲ್ಲರಿಗೂ ಒಂದೇ. ಒಬ್ಬನು ಆಳಕ್ಕೆ ಹೋದಷ್ಟೂ ಇನ್ನೊಬ್ಬನ ಬಾವಿಯು ಒಣಗುತ್ತದೆ.

ಬೆಳೆಗಳ ಕಡೆಗೆ ಬಂದರೂ ಇದೇ ನ್ಯಾಯ. ಅಂಗಮಾರಿ ರೋಗದಿಂದ ಹಾಸನದ ಆಲೂಗಡ್ಡೆಯು ಕೆಟ್ಟಾಗ, ಪಂಜಾಬಿನ ಜಲಂಧರದ ಕಡೆಯಿಂದ ಬರುವ ಬಿತ್ತನೆಗೆಡ್ಡೆಗೆ ಸರ್ಕಾರವು ಸಹಾಯಧನವನ್ನು ಕೊಟ್ಟಿತು. ಅದನ್ನು ಪಡೆಯಲು ಪಹಣಿ ಬೇಕು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜುಕಟ್ಟೆಯಿದೆ. ೧೯೭೬ರಲ್ಲಿ ಸ್ಥಾಪಿತವಾದ ತಂಬಾಕು ಮಂಡಲಿಯಲ್ಲಿ ಹೆಸರನ್ನೂ ಸೊಪ್ಪು ಹದಮಾಡುವ ಬ್ಯಾರನ್ನನ್ನೂ ನೋಂದಾಯಿಸಿದವನಿಗೆ ಅಲ್ಲಿ ಮಾರುವ ಹಕ್ಕು. ಇಲ್ಲಿ ಪರವಾನಗಿಯೇ ಒಂದು ಆಸ್ತಿ. ಅದು ಇಲ್ಲದವನು ಅದೇ ಸೊಪ್ಪನ್ನು ಬೆಳೆದರೂ ನೋಂದಾಯಿತನ ನೆರಳಿನಲ್ಲಿ ನಿಲ್ಲಬೇಕು. ಕೊಬ್ಬರಿಗೆ ಬೆಂಬಲ ಬೆಲೆಯುಂಟು. ೨೦೨೪ರಲ್ಲಿ ಉಂಡೆಕೊಬ್ಬರಿಗೆ ಅದು ಕ್ವಿಂಟಾಲಿಗೆ ೧೨,೦೦೦ ರೂಪಾಯಿ. ಆದರೆ ಮರಗಳಿದ್ದವನಿಗೆ ಬೆಲೆ. ಕಾಯಿ ಕೀಳುವವನಿಗೆ, ಸುಲಿಯುವವನಿಗೆ ಬೆಲೆಯಿಲ್ಲ, ಕೂಲಿ.

೮

ಈ ಮಾತುಗಳಿಗೆ ಒಂದು ಆಕ್ಷೇಪಣೆಯುಂಟು. ಅದನ್ನು ಹೇಳದೆ ಬಿಡುವುದು ಸರಿಯಲ್ಲ. ೨೦೧೫-೧೬ರ ಗಣತಿಯಲ್ಲಿ ಕರ್ನಾಟಕದ ಹಿಡುವಳಿಯ ಸರಾಸರಿ ವಿಸ್ತೀರ್ಣವು ೧.೩೬ ಹೆಕ್ಟೇರು, ಅಂದರೆ ಮೂರೂಕಾಲು ಎಕರೆಯಷ್ಟು. ಹಿಡುವಳಿಗಳಲ್ಲಿ ಐದರಲ್ಲಿ ನಾಲ್ಕು ಪಾಲು ಎರಡು ಹೆಕ್ಟೇರಿನೊಳಗಿನವು. ಹೀಗಿರಲು ಖಾತೆದಾರನನ್ನು ಸಿರಿವಂತನೆಂದು ತಿಳಿಯುವುದು ಹೇಗೆ? ಮೂರು ಎಕರೆಯ ಒಡೆಯನಿಗೆ ಬಂದ ಆರು ಸಾವಿರ ರೂಪಾಯಿಯು ಗೊಬ್ಬರದ ಅಂಗಡಿಯಲ್ಲಿ ಒಂದೇ ದಿನಕ್ಕೆ ಕರಗುವುದಿಲ್ಲವೇ? ಹೌದು, ಇದು ನಿಜ. ಖಾತೆದಾರನಿಗೂ ವಾರದವನಿಗೂ ಜಗಳ ಹಚ್ಚುವುದು ನಮ್ಮ ಉದ್ದೇಶವಲ್ಲ. ಎಷ್ಟೋ ಮನೆಗಳಲ್ಲಿ ಇಬ್ಬರೂ ಒಬ್ಬನೇ: ಸ್ವಂತ ಒಂದು ಎಕರೆ, ವಾರಕ್ಕೆ ಎರಡು ಎಕರೆ, ಬಿಡುವಿನಲ್ಲಿ ಕೂಲಿ. ಅವನ ಒಂದು ಎಕರೆಯನ್ನು ಸರ್ಕಾರವು ಕಾಣುತ್ತದೆ, ಎರಡು ಎಕರೆಯನ್ನು ಕಾಣುವುದಿಲ್ಲ. ಮಳೆ ಹೋದ ವರ್ಷ ಆ ಎರಡು ಎಕರೆಯ ಬೆಳೆನಷ್ಟದ ಪರಿಹಾರವು ಬೆಂಗಳೂರಿನಲ್ಲಿರುವ ಖಾತೆದಾರನ ಲೆಕ್ಕಕ್ಕೆ ಹೋಗುತ್ತದೆ. ಒಳ್ಳೆಯವನಾದರೆ ತಂದುಕೊಡುತ್ತಾನೆ. ನೆರವು ಒಳ್ಳೆಯತನದ ಮೇಲೆ ನಿಲ್ಲಬಾರದೆಂದೇ ಅಲ್ಲವೇ ಸರ್ಕಾರವೆಂಬುದನ್ನು ಏರ್ಪಡಿಸಿಕೊಂಡಿರುವುದು?

ಹಲ್ಮಿಡಿಯ ಕಲ್ಲಿನಿಂದ ‘ಭೂಮಿ’ಯ ಯಂತ್ರದವರೆಗೆ ನೋಡಿದರೆ ಒಂದು ಸಂಗತಿಯು ಸ್ಥಿರವಾಗಿ ನಿಂತಿದೆ. ದೊರೆತನವು ಬರೆದುಕೊಂಡ ಹೆಸರಿಗೆ ನೆರವು ಮುಟ್ಟಿದೆ. ಬರೆದುಕೊಳ್ಳದ ಹೆಸರಿಗೆ ಮುಟ್ಟಿಲ್ಲ. ಕೊಡುವವರ ಮನಸ್ಸು ಕೆಟ್ಟುದೆಂದು ಇದರ ಅರ್ಥವಲ್ಲ. ಪಟ್ಟಿಯು ಬೇರೊಂದು ಕೆಲಸಕ್ಕಾಗಿ ಹುಟ್ಟಿದುದು, ಅಷ್ಟೆ. ಕಂದಾಯವನ್ನು ವಸೂಲುಮಾಡಲು ಖಾತೆದಾರನೊಬ್ಬನು ಸಾಕು. ಬೇಸಾಯವನ್ನು ಪೋಷಿಸಲು ಅವನೊಬ್ಬನು ಸಾಲನು.

ಹೀಗಿರುವಲ್ಲಿ ಮೂರು ಕಾರ್ಯಗಳು ಯೋಗ್ಯವೆಂದು ತೋರುತ್ತವೆ. ಮೊದಲನೆಯದು, ತೀರಿಹೋದವರ ಹೆಸರಿನಲ್ಲಿರುವ ಪಹಣಿಗಳನ್ನು ಊರೂರಿಗೆ ಹೋಗಿ, ಹೆಣ್ಣುಮಕ್ಕಳ ಪಾಲನ್ನು ಮರೆಯದೆ, ಪೌತಿ ಖಾತೆ ಮಾಡಿಸುವುದು. ಎರಡನೆಯದು, ಒಡೆತನದ ಹಕ್ಕಿಗೆ ಭಂಗವಿಲ್ಲದಂತೆ ವರ್ಷವರ್ಷದ ಸಾಗುವಳಿದಾರನ ಹೆಸರನ್ನು ಬೇರೆಯೊಂದು ಪಟ್ಟಿಯಲ್ಲಿ ಬರೆದುಕೊಳ್ಳುವುದು. ಒಡೆಯನ ಭಯವು ಹೋಗದೆ ಉಳುವವನ ಹೆಸರು ಬೆಳಕಿಗೆ ಬಾರದು. ಮೂರನೆಯದು, ಹಿಂದಿನವರ ಕಟ್ಟುಕೊಡಗೆಯಂತೆ ಕೆಲಸಕ್ಕೆ ಕೊಡುವ ನೆರವನ್ನು ಹೆಚ್ಚಿಸುವುದು. ಹೂಳು ತುಂಬಿದ ಕೆರೆಯನ್ನು ತೋಡಿದವರಿಗೆ, ಒಡೆದ ಕಾಲುವೆಯನ್ನು ಕಟ್ಟಿದವರಿಗೆ, ನೀರನ್ನು ನ್ಯಾಯವಾಗಿ ಹಂಚಿದ ನೀರುಗಂಟಿಗೆ ಕೊಟ್ಟ ಹಣವು ಖಾತೆಯನ್ನು ಕೇಳುವುದಿಲ್ಲ. ಹುಟ್ಟಿನ ಕಟ್ಟಿಲ್ಲದೆ ಕೊಟ್ಟರೆ ಹಿಂದಿನ ಇನಾಮಿನ ದೋಷವೂ ಅದಕ್ಕೆ ಅಂಟುವುದಿಲ್ಲ. ಕೆರೆ ತುಂಬಿದರೆ ಅದರ ಫಲವು ಅಚ್ಚುಕಟ್ಟಿನವರಿಗೆಲ್ಲ.

ನಮ್ಮ ಸೀಮೆಯ ಶಾಸನಗಳನ್ನು ಓದುವವರು ದಾನಿಗಳ ಬಿರುದಾವಳಿಯನ್ನು ಓದಿ ಹರ್ಷಿಸುವುದು ಸಹಜ. ಅವರು ಎಲ್ಲೆಯ ವಿವರಗಳನ್ನೂ ಸಾವಧಾನವಾಗಿ ಓದಬೇಕು. ಆ ಎಲ್ಲೆಯೊಳಗೆ ಮುಂಗಾರಿಗೆ ಮುಂಚೆ ಯಾರೋ ನೇಗಿಲು ಕಟ್ಟಿದರು, ಈಗಲೂ ಕಟ್ಟುತ್ತಿದ್ದಾರೆ. ಮುಂದೆ ನಮ್ಮ ಕಾಲದ ಲೆಕ್ಕಪತ್ರಗಳನ್ನು ಶೋಧಿಸುವ ಚರಿತ್ರಕಾರನಿಗೆ ಅವರ ಹೆಸರು ದೊರೆಯುವಂತೆ ಮಾಡುವುದು ಇಂದಿನವರ ಕೈಯಲ್ಲಿದೆ.